ದೆವ್ವದ ಸಿನಿಮಾ ಹಾಲ್‌ನಲ್ಲಿ ಹಾಕಿದರೆ ಜನ ಬೆಚ್ಚಬೇಕು, ನಗಬೇಕು: ಏನೇನು ಸರಿ ಮಾಡಿಕೊಳ್ಳಬೇಕು?

ಬಾಲ್ಕನಿ ಟಿಕೆಟ್
ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್‌ನಲ್ಲಿ ಒಂದು ಶನಿವಾರ ರಾತ್ರಿ ಎರಡು ಸಿನಿಮಾ ಹಾಕುವ ಯೋಜನೆ ಇದೆ. ಒಂದು ಅಪ್ಪಟ ದೆವ್ವದ್ದು, ಇನ್ನೊಂದು ಭಯ-ಹಾಸ್ಯ ಬೆರೆತದ್ದು. ಸುಮಾರು 25 ಜನ. ಹಾಲ್ 30 ಅಡಿ ಉದ್ದ, 20 ಅಡಿ ಅಗಲ. ನೆಲಕ್ಕೆ ಟೈಲ್ಸ್, ಒಂದು ಪಕ್ಕ ಪೂರ್ತಿ ಗಾಜಿನ ಕಿಟಕಿ. ಪ್ರೊಜೆಕ್ಟರ್ ಇದೆ, ದೊಡ್ಡದೊಂದು ಬ್ಲೂಟೂತ್ ಸ್ಪೀಕರ್ ಇದೆ. ಥಿಯೇಟರಿನಲ್ಲಿ ಕುರ್ಚಿಯಿಂದ ಎಬ್ಬಿಸಿಬಿಡುವ ದೃಶ್ಯಗಳೇ ಇಂಥ ಕಡೆ ಸಪ್ಪೆಯಾಗುತ್ತವೆ, ಹಾಸ್ಯಕ್ಕೂ ನಗು ಏಳುವುದಿಲ್ಲ. ತಪ್ಪು ಎಲ್ಲಿ ಆಗುತ್ತದೆ? ಯಾವ ಸಿನಿಮಾ, ಯಾವುದು ಮೊದಲು, ಸೌಂಡ್ ಎಷ್ಟು ಇಡಬೇಕು? ತಿಳಿದವರು ವಿವರವಾಗಿ ಬರೆಯಿರಿ.

ಶಬ್ದಗ್ರಾಹಿ
ಮೊದಲು ಆ ಬ್ಲೂಟೂತ್ ಬಿಡಿ ಸರ್. ಸಾಮಾನ್ಯ ಬ್ಲೂಟೂತ್‌ನಲ್ಲಿ ಶಬ್ದ 150ರಿಂದ 200 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಚಿತ್ರಕ್ಕಿಂತ ಶಬ್ದ ಸುಮಾರು 125 ಮಿಲಿಸೆಕೆಂಡು ಹಿಂದೆ ಬಿದ್ದರೆ ಸಾಮಾನ್ಯ ಪ್ರೇಕ್ಷಕನಿಗೂ ಗೊತ್ತಾಗುತ್ತದೆ. ಮಾತಿನ ದೃಶ್ಯದಲ್ಲಿ ಅದು ಬರೀ ಕಿರಿಕಿರಿ. ಬೆಚ್ಚಿಸುವ ದೃಶ್ಯದಲ್ಲಿ ಅದೇ ತಡ ಎಲ್ಲವನ್ನೂ ಕೆಡಿಸುತ್ತದೆ. ಮುಖ ಪರದೆ ಮೇಲೆ ಬಂದು, ಕಣ್ಣು ಅದನ್ನು ಗುರುತಿಸಿ ಆದ ಮೇಲೆ "ಧಡ್" ಅಂದರೆ ಮೈ ಜುಮ್ಮೆನ್ನುವುದಿಲ್ಲ. ಹಾಗಾಗಿ ಕೇಬಲ್ಲೇ ಹಾಕಿ. ಲ್ಯಾಪ್‌ಟಾಪಿನಿಂದ 3.5 ಎಂಎಂ ಆಡಿಯೊ ಕೇಬಲ್ ನೇರವಾಗಿ ಸ್ಪೀಕರಿಗೆ. ಅನೇಕ ಬ್ಲೂಟೂತ್ ಸ್ಪೀಕರುಗಳ ಹಿಂದೆ ಕೇಬಲ್ ಚುಚ್ಚುವ "ಆಕ್ಸ್" ತೂತು ಇರುತ್ತದೆ, ನೋಡಿ.

ಎರಡನೆಯದು, ವಾಲ್ಯೂಮನ್ನು ತಾನಾಗಿಯೇ ಸಮ ಮಾಡುವ ಸವಲತ್ತು. ನೈಟ್ ಮೋಡ್, ಆಟೊ ವಾಲ್ಯೂಮ್, ಲೌಡ್‌ನೆಸ್ ಈಕ್ವಲೈಸೇಷನ್ ಹೀಗೆ ಒಂದೊಂದು ಕಡೆ ಒಂದೊಂದು ಹೆಸರು. ಕೆಲಸ ಒಂದೇ: ಪಿಸುಮಾತನ್ನು ಏರಿಸುವುದು, ಕಿರುಚಾಟವನ್ನು ಇಳಿಸುವುದು. ಮಗು ಮಲಗಿರುವ ಮನೆಗೆ ಅದು ಒಳ್ಳೆಯದೇ. ಆದರೆ ದೆವ್ವದ ಸಿನಿಮಾ ನಿಂತಿರುವುದೇ ಆ ಏರಿಳಿತದ ಮೇಲೆ. ಟಿವಿ, ಪ್ರೊಜೆಕ್ಟರ್, ಲ್ಯಾಪ್‌ಟಾಪು, ಓಟಿಟಿ ಆ್ಯಪ್ ನಾಲ್ಕರಲ್ಲೂ ಹುಡುಕಿ ಆಫ್ ಮಾಡಿ. ಒಂದು ಕಡೆ ಆಫ್ ಮಾಡಿ ಇನ್ನೊಂದು ಕಡೆ ಮರೆಯುವುದೇ ಹೆಚ್ಚು.

ಮಟ್ಟ ಎಷ್ಟು ಅಂದರೆ, ನಡುಸಾಲಿನ ಕುರ್ಚಿಯಲ್ಲಿ ಕೂತು ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಿ ಅಳೆಯಿರಿ. ಸಾಮಾನ್ಯ ಸಂಭಾಷಣೆ 65ರ ಆಸುಪಾಸು, ಅತಿ ಜೋರಿನ ಕ್ಷಣ 85ರಿಂದ 90. ಆ್ಯಪ್ ನಾಲ್ಕೈದು ಡೆಸಿಬೆಲ್ ತಪ್ಪು ತೋರಿಸಬಹುದು, ನಡೆಯುತ್ತದೆ. ಥಿಯೇಟರುಗಳನ್ನು ಹೊಂದಿಸುವ ಅಳತೆಯಲ್ಲಿ ಒಂದೊಂದು ಚಾನೆಲ್ಲಿನ (ಎಡ, ನಡು, ಬಲ ಹೀಗೆ ಒಂದೊಂದು ಸ್ಪೀಕರಿಗೆ ಹೋಗುವ ಶಬ್ದದ) ಗರಿಷ್ಠ ಮಟ್ಟ 105 ಡೆಸಿಬೆಲ್. ಗಾಜು, ಟೈಲ್ಸ್ ಇರುವ ಹಾಲ್‌ನಲ್ಲಿ ಅದನ್ನು ಮುಟ್ಟಲು ಹೋದರೆ ಕಿವಿ ಸೀಳುತ್ತದೆ, ಮಾತೂ ತಿಳಿಯುವುದಿಲ್ಲ.

ರೀಲು ಡಬ್ಬಿ
ಶಬ್ದಗ್ರಾಹಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೆಚ್ಚಿಸುವುದು ಜೋರು ಶಬ್ದ ಅಂತ ಬಹಳ ಜನ ತಿಳಿದಿದ್ದಾರೆ. ಅದರ ಹಿಂದಿನ 20-30 ಸೆಕೆಂಡಿನ ನಿಶ್ಶಬ್ದ ಇಲ್ಲದಿದ್ದರೆ ಆ ಶಬ್ದ ಬರೀ ಗಲಾಟೆ.

ಇದರ ಪಾಠ 1942ರ 'ಕ್ಯಾಟ್ ಪೀಪಲ್'ನಲ್ಲಿದೆ. ರಾತ್ರಿ ರಸ್ತೆಯಲ್ಲಿ ಹೆಂಗಸೊಬ್ಬಳು ನಡೆಯುತ್ತಾಳೆ, ಹಿಂದೆ ಇನ್ನೊಂದು ಹೆಜ್ಜೆ ಸದ್ದು. ಸಂಗೀತವೇ ಇಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಹೆಜ್ಜೆ ಸದ್ದು ನಿಲ್ಲುತ್ತದೆ. ಆಕೆ ಓಡುತ್ತಾಳೆ. ಈಗ ಮೃಗ ಎರಗುತ್ತದೆ ಅನ್ನುವ ಕ್ಷಣಕ್ಕೆ ಬುಸ್ಸೆಂದು ಬಂದು ನಿಲ್ಲುವುದು ಒಂದು ಬಸ್ಸು. ಸಂಕಲನಕಾರ ಮಾರ್ಕ್ ರಾಬ್ಸನ್, ನಿರ್ದೇಶಕ ಜಾಕ್ ಟೂರ್ನರ್, ನಿರ್ಮಾಪಕ ವಾಲ್ ಲ್ಯೂಟನ್. ಈ ತಂತ್ರಕ್ಕೆ ಇಂದಿಗೂ "ಲ್ಯೂಟನ್ ಬಸ್" ಅನ್ನುವ ಹೆಸರಿದೆ. ಬೆಕ್ಕು ಹಾರುವುದು, ಗೆಳೆಯ ಹಿಂದಿನಿಂದ ಹೆಗಲು ಮುಟ್ಟುವುದು ಎಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಬೆಚ್ಚಿದ ಮರುಗಳಿಗೆಯಲ್ಲೇ ಪ್ರೇಕ್ಷಕರು ನಕ್ಕುಬಿಡುತ್ತಾರೆ, ಗಮನಿಸಿ. ಅಪಾಯವಿಲ್ಲ ಅಂತ ತಿಳಿದಾಗ ಬರುವ ನಗು ಅದು. ಭಯ-ಹಾಸ್ಯದ ಸಿನಿಮಾಗಳ ಬೇರು ಇರುವುದೇ ಅಲ್ಲಿ.

ಆದ್ದರಿಂದ ಹಾಲ್‌ನಲ್ಲಿ ಕಾಪಾಡಬೇಕಾದದ್ದು ಆ 20 ಸೆಕೆಂಡು. ಚಿಪ್ಸ್ ಪೊಟ್ಟಣ ಬೇಡವೇ ಬೇಡ. ಮಂಡಕ್ಕಿ, ಪಾಪ್‌ಕಾರ್ನ್ ಕೊಡುವುದಾದರೆ ಪ್ಲಾಸ್ಟಿಕ್ ಕವರಿನಲ್ಲಲ್ಲ, ಪೇಪರ್ ಕಪ್ಪಿನಲ್ಲಿ ಕೊಡಿ. ಬಾಗಿಲು ಕಿರುಗುಟ್ಟದಂತೆ ಅದರ ಕೀಲುಗಳಿಗೆ ಎರಡು ಹನಿ ಎಣ್ಣೆ.

ಕತ್ತಲೆ ಕೋಣೆ
ರೀಲು ಡಬ್ಬಿಯವರ ಮಾತಿಗೆ ಶರೀರಶಾಸ್ತ್ರದ ಬೆಂಬಲ ಇದೆ. ಹಠಾತ್ ಶಬ್ದಕ್ಕೆ ಕಣ್ಣು ಮಿಟುಕುವುದು 30ರಿಂದ 50 ಮಿಲಿಸೆಕೆಂಡಿನೊಳಗೆ. ಯೋಚನೆಗೆ ಅಲ್ಲಿ ಸಮಯವೇ ಇಲ್ಲ, ಅದು ಮಿದುಳುಕಾಂಡದ ಕೆಲಸ. ಆದರೆ ಆಗಲೇ ಆತಂಕದಲ್ಲಿರುವವರಲ್ಲಿ ಅದೇ ಶಬ್ದಕ್ಕೆ ಬೆಚ್ಚುವಿಕೆ ಹೆಚ್ಚು. ಕತ್ತಲೆಯಲ್ಲೂ ಹೆಚ್ಚು. ಇನ್ನೊಂದು, ಇದು ಬೇಗ ಒಗ್ಗಿಹೋಗುತ್ತದೆ. ಹತ್ತು ನಿಮಿಷಕ್ಕೊಂದು ಸಲ "ಧಡ್" ಅನ್ನಿಸುವ ಸಿನಿಮಾದಲ್ಲಿ ಐದನೆಯದಕ್ಕೆ ಯಾರೂ ಅಲುಗುವುದಿಲ್ಲ. ಹಾಲ್‌ನ ಪ್ರದರ್ಶನಕ್ಕೆ ಬೆಚ್ಚಿಸುವ ಕ್ಷಣಗಳು ಎರಡು-ಮೂರೇ ಇರುವ ಸಿನಿಮಾ ಆರಿಸಿ.

ಶುರುವಾಗುವ ಮುಂಚೆ ಶಬ್ದ ಪರೀಕ್ಷೆಗೆಂದು ಭಯದ ದೃಶ್ಯವನ್ನೇ ಹಾಕಿ ಎಲ್ಲರಿಗೂ ಕೇಳಿಸುವ ತಪ್ಪನ್ನೂ ಮಾಡಬೇಡಿ. ಪರೀಕ್ಷೆ ಹಿಂದಿನ ದಿನವೇ ಮುಗಿಯಲಿ.

ಬಾಲ್ಕನಿ ಟಿಕೆಟ್
ಕೇಬಲ್ ಸರಿ, ಒಪ್ಪಿದೆ. ಸಿನಿಮಾ ಯಾವುದು? ಓಟಿಟಿ ಖಾತೆಯಿಂದಲೇ ಹಾಕಬಹುದಲ್ಲವೇ?

ರೀಲು ಡಬ್ಬಿ
ಓಟಿಟಿ ಖಾತೆಯ ಷರತ್ತು ಓದಿ ನೋಡಿ. ಸ್ವಂತಕ್ಕೆ, ಮನೆಮಂದಿಗೆ ಅಂತಲೇ ಬರೆದಿರುತ್ತದೆ. ಅಸೋಸಿಯೇಷನ್ ಹಾಲ್‌ನಲ್ಲಿ ನೋಟಿಸ್ ಹಾಕಿ ಕರೆದು ತೋರಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ, ಟಿಕೆಟ್ ಇಲ್ಲದಿದ್ದರೂ. ಒಂದೋ ಹಕ್ಕುದಾರರ ಲಿಖಿತ ಅನುಮತಿ ಪಡೆಯಿರಿ, ಇಲ್ಲವೇ ಹಕ್ಕುಸ್ವಾಮ್ಯ ಮುಗಿದ ಸಿನಿಮಾ ಆರಿಸಿ. ನಮ್ಮ ದೇಶದ ಕಾನೂನಿನಲ್ಲಿ ಸಿನಿಮಾಕ್ಕೆ ಅವಧಿ 60 ವರ್ಷ, ಬಿಡುಗಡೆಯ ಮುಂದಿನ ಕ್ಯಾಲೆಂಡರ್ ವರ್ಷದಿಂದ ಎಣಿಕೆ.

ಆ ಲೆಕ್ಕದಲ್ಲಿ ಮೂರು ಹೆಸರು ಕೊಡುತ್ತೇನೆ. 1959ರ 'ಹೌಸ್ ಆನ್ ಹಾಂಟೆಡ್ ಹಿಲ್', 75 ನಿಮಿಷ, ವಿನ್ಸೆಂಟ್ ಪ್ರೈಸ್ ನಟನೆ. 1960ರ 'ದಿ ಲಿಟ್ಲ್ ಶಾಪ್ ಆಫ್ ಹಾರರ್ಸ್', 72 ನಿಮಿಷ, ರೋಜರ್ ಕೋರ್ಮನ್ ನಿರ್ದೇಶನ. ಮನುಷ್ಯರನ್ನು ತಿನ್ನುವ ಗಿಡ, ಹೂವಿನ ಅಂಗಡಿ, ಹೆದರುಪುಕ್ಕಲು ಹುಡುಗ. ಮುಖ್ಯ ಚಿತ್ರೀಕರಣ ಎರಡು ದಿನ ಒಂದು ರಾತ್ರಿಯಲ್ಲಿ ಮುಗಿದಿತ್ತು, ಆ ಆತುರವೇ ಹಾಸ್ಯಕ್ಕೆ ವೇಗ ಕೊಟ್ಟಿದೆ. ಹಲ್ಲಿನ ಡಾಕ್ಟರ ಹತ್ತಿರ ನೋವಿಗೆಂದೇ ಬರುವ ರೋಗಿಯ ಪಾತ್ರದಲ್ಲಿ ಇನ್ನೂ ಹೆಸರು ಮಾಡದ ಜ್ಯಾಕ್ ನಿಕೋಲ್ಸನ್ ಇದ್ದಾರೆ. ಮೂರನೆಯದು 1962ರ 'ಕಾರ್ನಿವಲ್ ಆಫ್ ಸೋಲ್ಸ್'. ಸಂಗೀತವೆಲ್ಲ ಆರ್ಗನ್ ಒಂದರದ್ದೇ. ಇದರಲ್ಲಿ ಬೆಚ್ಚಿಸುವುದು ಕಡಿಮೆ, ಆದರೆ ಎರಡು ದಿನ ಮನಸ್ಸಿನಿಂದ ಹೋಗುವುದಿಲ್ಲ.

ಎಚ್ಚರಿಕೆ ಒಂದು: ಬಣ್ಣ ಹಚ್ಚಿದ ಆವೃತ್ತಿ, ಹೊಸ ಸಂಗೀತ ಸೇರಿಸಿದ ಆವೃತ್ತಿಗಳಿಗೆ ಬೇರೆ ಹಕ್ಕು ಇರಬಹುದು. ಮೂಲ ಕಪ್ಪುಬಿಳುಪೇ ಹಾಕಿ. ನೋಡಲು ಚೆಂದವೂ ಅದೇ.

ಗಾಂಧಿನಗರ ಎಕ್ಸ್‌ಪ್ರೆಸ್
ಎಲ್ಲ ಇಂಗ್ಲಿಷೇ ಆಯಿತಲ್ಲ? ಕನ್ನಡದಲ್ಲಿ ಈ ಜಾತಿಯ ಸಿನಿಮಾಕ್ಕೆ ಬರವಿಲ್ಲ. 1979ರ 'ನಾ ನಿನ್ನ ಬಿಡಲಾರೆ', ಅನಂತನಾಗ್ ಮತ್ತು ಲಕ್ಷ್ಮಿ. 1993ರಲ್ಲಿ ಉಪೇಂದ್ರ ನಿರ್ದೇಶಿಸಿದ 'ಶ್!'. 2004ರ 'ಆಪ್ತಮಿತ್ರ'. 2025ರಲ್ಲಿ ಜೆ.ಪಿ. ತೂಮಿನಾಡು ಅವರ 'ಸು ಫ್ರಮ್ ಸೋ'. ಕೊನೆಯದನ್ನಂತೂ ಭಯ-ಹಾಸ್ಯದ ಪಠ್ಯಪುಸ್ತಕ ಅಂತ ನೋಡಬಹುದು. ಅಲ್ಲಿ ನಗು ಬರುವುದು ದೆವ್ವದಿಂದಲ್ಲ, ದೆವ್ವ ಹಿಡಿದಿದೆ ಅಂತ ಊರವರೆಲ್ಲ ನಂಬಿದ ಮೇಲೆ ಒಬ್ಬೊಬ್ಬರೂ ನಡೆದುಕೊಳ್ಳುವ ರೀತಿಯಿಂದ.

'ಆಪ್ತಮಿತ್ರ'ದಲ್ಲಿ ಗಮನಿಸಬೇಕಾದದ್ದು ಕೆಲಸದ ಹಂಚಿಕೆ. ಹೆದರುವ ಕೆಲಸವನ್ನು ದ್ವಾರಕೀಶ್ ಪಾತ್ರಕ್ಕೆ ಕೊಟ್ಟಿದ್ದಾರೆ. ಪ್ರೇಕ್ಷಕರ ಭಯವನ್ನು ಅವರೇ ಹೊತ್ತು ನಗಿಸಿಬಿಡುತ್ತಾರೆ, ಹಾಗಾಗಿ ಹಿಂದಿನ ಬಿಗಿ ಸಡಿಲಾಗಿ ಮುಂದಿನದಕ್ಕೆ ಜಾಗ ಆಗುತ್ತದೆ. ಕೊನೆಗೆ ಸೌಂದರ್ಯ ಪೂರ್ತಿ ನಾಗವಲ್ಲಿಯಾದಾಗ ಆ ನಗು ಸಂಪೂರ್ಣ ನಿಲ್ಲುತ್ತದೆ. ಎಲ್ಲಿ ನಗು ನಿಲ್ಲಿಸಬೇಕು ಅಂತ ಗೊತ್ತಿರುವ ಸಿನಿಮಾ ಅದು. ಅನೇಕ ಭಯ-ಹಾಸ್ಯಗಳು ಸೋಲುವುದೇ ಇಲ್ಲಿ: ಕೊನೆಯ ಅರ್ಧ ಗಂಟೆಯಲ್ಲೂ ಜೋಕು ಬಿಡಲಾರದೆ ದೆವ್ವದ ಮರ್ಯಾದೆ ಕಳೆಯುತ್ತವೆ.

ಬಾಲ್ಕನಿ ಟಿಕೆಟ್
ಗಾಂಧಿನಗರ ಅವರೇ, ಇವಕ್ಕೆಲ್ಲ ಅನುಮತಿ ಬೇಕಾಗುತ್ತದೆ. ಸದ್ಯಕ್ಕೆ 'ಹಾಂಟೆಡ್ ಹಿಲ್', 'ಲಿಟ್ಲ್ ಶಾಪ್' ಎರಡಕ್ಕೆ ನಿಲ್ಲುತ್ತೇನೆ. ಅನುಮತಿ ಸಿಕ್ಕರೆ ಮುಂದಿನ ತಿಂಗಳು ಕನ್ನಡದ್ದು. ಹಾಸ್ಯ ಮೊದಲು ಹಾಕಿ ಜನರನ್ನು ಹಗುರ ಮಾಡಲೇ?

ಕತ್ತಲೆ ಕೋಣೆ
ಬೇಡ, ಭಯದ್ದೇ ಮೊದಲು. ಒಂದು ಉದ್ವೇಗದಿಂದ ಏರಿದ ಎದೆಬಡಿತ ಪೂರ್ತಿ ಇಳಿಯುವ ಮುಂಚೆ ಇನ್ನೊಂದು ಭಾವ ಬಂದರೆ ಅದು ಹೆಚ್ಚು ತೀವ್ರವಾಗುತ್ತದೆ. 1970ರ ದಶಕದಲ್ಲಿ ಮನಶ್ಶಾಸ್ತ್ರದ ಸಂಶೋಧಕ ಡಾಲ್ಫ್ ಜಿಲ್‌ಮನ್ ಇದರ ಮೇಲೆ ಬಹಳ ಕೆಲಸ ಮಾಡಿದರು. ಹೆದರಿದವರು ಚೆನ್ನಾಗಿ ನಗುತ್ತಾರೆ. ನಕ್ಕು ಸುಸ್ತಾದವರನ್ನು ಹೆದರಿಸುವುದು ಕಷ್ಟ.

ಗಾಂಧಿನಗರ ಎಕ್ಸ್‌ಪ್ರೆಸ್
ಒಪ್ಪುವುದಿಲ್ಲ. ಆ ಉಳಿಕೆ ಉದ್ವೇಗ ಕೆಲವು ನಿಮಿಷದ ಮಾತು. ಮಧ್ಯೆ ಅರ್ಧ ಗಂಟೆ ಕಾಫಿ-ಬೋಂಡಾ ಆದರೆ ಎದೆಬಡಿತ ಎಲ್ಲಿ ಉಳಿದಿರುತ್ತದೆ? ನಿಮ್ಮ ತತ್ತ್ವ ಒಂದು ದೃಶ್ಯದೊಳಗೆ ಸರಿ, ಎರಡು ಸಿನಿಮಾಗಳ ನಡುವೆ ಅಲ್ಲ.

ಕತ್ತಲೆ ಕೋಣೆ
ಅರ್ಧ ಗಂಟೆಯ ವಿಷಯ ನೀವು ಹೇಳಿದ್ದು ಸರಿ. ಹಾಗಾದರೆ ತಿಂಡಿ ಶುರುವಿಗೇ ಮುಗಿಸಿ, ನಡುವೆ 8-10 ನಿಮಿಷದ ನೀರಿನ ಬಿಡುವು ಮಾತ್ರ ಇಡಲಿ. ದೀಪವನ್ನೂ ಅರ್ಧವೇ ಹೊತ್ತಿಸಲಿ. ಭಯ ಮೊದಲು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ: ಮನೆಗೆ ಹೋಗುವಾಗ ಜನ ನಗುತ್ತಾ ಹೋಗಬೇಕು. ಮಕ್ಕಳು, ಒಂಟಿಯಾಗಿ ಇರುವವರು ಇದ್ದರೆ ರಾತ್ರಿಯ ನಿದ್ದೆಗೆ ಅದು ಒಳ್ಳೆಯದು.

ಸಾಲು ಎರಡು
ಸಬ್‌ಟೈಟಲ್ ಬಗ್ಗೆ ಯಾರೂ ಬರೆದಿಲ್ಲ. ಎರಡು ಬಗೆ ಇರುತ್ತವೆ. ಒಂದು ಬರೀ ಸಂಭಾಷಣೆ. ಇನ್ನೊಂದು ಕಿವಿ ಕೇಳದವರಿಗಾಗಿ ಮಾಡಿದ್ದು. ಅದರಲ್ಲಿ "ಬಾಗಿಲು ಕಿರುಗುಟ್ಟುತ್ತದೆ", "ಕಿರುಚುತ್ತಾಳೆ" ಅಂತ ಕಂಸದಲ್ಲಿ ಬರುತ್ತದೆ. ಅವರಿಗೆ ಅದು ಬೇಕೇ ಬೇಕು, ಅಂಥವರು ಪ್ರೇಕ್ಷಕರಲ್ಲಿ ಇದ್ದರೆ ಹಾಕಲೇಬೇಕು. ಇಲ್ಲದಿದ್ದರೆ ಸಂಭಾಷಣೆಯದ್ದು ಮಾತ್ರ ಆರಿಸಿ. ಕಿರುಚಾಟ ಕೇಳುವ ಅರ್ಧ ಸೆಕೆಂಡು ಮುಂಚೆ ಅದರ ಸುದ್ದಿ ಅಕ್ಷರದಲ್ಲಿ ಬಂದರೆ ಮುಗಿಯಿತು.

ಹಾಸ್ಯಕ್ಕೆ ತೊಂದರೆ ಇನ್ನೂ ಹೆಚ್ಚು. ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಪ್ರಶ್ನೆಯೂ ಉತ್ತರವೂ ಒಟ್ಟಿಗೆ ಬಂದರೆ, ನಟ ಬಾಯಿ ತೆರೆಯುವ ಮುಂಚೆ ಓದಿದವರು ನಗುತ್ತಾರೆ, ಕೇಳುವವರು ಆಮೇಲೆ ನಗುತ್ತಾರೆ. ನಗು ಒಡೆದುಹೋಗುತ್ತದೆ. ನೀವು ಹಾಕುವ ಹಳೆಯ ಸಿನಿಮಾಗಳಿಗೆ ಬೇರೆ ಫೈಲಾಗಿ ಸಬ್‌ಟೈಟಲ್ ಸಿಗುತ್ತದೆ, ಅಂದರೆ ತಿದ್ದಬಹುದು. ಬರೀ ಟೆಕ್ಸ್ಟ್ ಫೈಲ್ ಅದು. ನೋಟ್‌ಪ್ಯಾಡಿನಲ್ಲಿ ತೆರೆದರೆ ಪ್ರತಿ ತುಣುಕಿಗೆ ಶುರು ಸಮಯ, ಮುಗಿಯುವ ಸಮಯ ಕಾಣುತ್ತದೆ. ಮುಖ್ಯ ಜೋಕಿನ ಜಾಗಗಳಲ್ಲಿ ಉತ್ತರದ ಸಾಲನ್ನು ಪ್ರತ್ಯೇಕ ತುಣುಕು ಮಾಡಿ, ಮಾತು ಶುರುವಾಗುವ ಕ್ಷಣಕ್ಕೇ ಇಡಿ. ಒಂದು ಸಾಲಿಗೆ 40ರ ಆಸುಪಾಸಿನ ಅಕ್ಷರ ಸಾಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಎರಡು ಸಾಲಿನ ನಡುವೆ ಜಾಗ ಸ್ವಲ್ಪ ಹೆಚ್ಚು ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಫೈಲನ್ನು ಸೇವ್ ಮಾಡುವಾಗ ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಹಿಡಿಯುವ ಸಂಕೇತ ಪದ್ಧತಿ) ಆರಿಸದಿದ್ದರೆ ಪರದೆ ಮೇಲೆ ಅಕ್ಷರದ ಬದಲು ಚೌಕಗಳು, ಪ್ರಶ್ನಾರ್ಥಕಗಳು ಬರುತ್ತವೆ.

ಬಾಲ್ಕನಿ ಟಿಕೆಟ್
ಇದು ಹೊಳೆದೇ ಇರಲಿಲ್ಲ ಮೇಡಂ, ತುಂಬಾ ಥ್ಯಾಂಕ್ಸ್. ಕನ್ನಡ ಸಬ್‌ಟೈಟಲ್ ನಾವೇ ಬರೆಯಬಹುದೇ?

ಸಾಲು ಎರಡು
72 ನಿಮಿಷದ ಮಾತುಗಾರಿಕೆಯ ಸಿನಿಮಾಕ್ಕೆ ಸಾವಿರದಷ್ಟು ತುಣುಕು ಬರಬಹುದು. ಒಬ್ಬರಿಗೆ ಆಗುವ ಕೆಲಸವಲ್ಲ, ನಾಲ್ಕು ಜನ ಹಂಚಿಕೊಳ್ಳಿ. ಪದಶಃ ಅನುವಾದ ಮಾಡಿದ ಜೋಕು ಸಾಯುತ್ತದೆ. 'ಲಿಟ್ಲ್ ಶಾಪ್'ನಲ್ಲಿ ಹೂವಿನಂಗಡಿ ಯಜಮಾನ ಮುಷ್ನಿಕ್ ತಪ್ಪುತಪ್ಪಾಗಿ ಇಂಗ್ಲಿಷ್ ಆಡುತ್ತಾನೆ. ಅದನ್ನು ಶುದ್ಧ ಕನ್ನಡದಲ್ಲಿ ಬರೆದರೆ ನಗುವೇ ಇಲ್ಲ. ಆದರೆ ಅದಕ್ಕಾಗಿ ಮಂಗಳೂರಿನ ಕನ್ನಡವನ್ನೋ ಕಲಬುರಗಿಯ ಕನ್ನಡವನ್ನೋ ಹಚ್ಚಬೇಡಿ, ಅವು ತಪ್ಪು ಕನ್ನಡವಲ್ಲ. ಪದಗಳನ್ನು ಅದಲುಬದಲು ಮಾಡಿ, ಗಾದೆಯನ್ನು ಅರ್ಧಂಬರ್ಧ ಹೇಳಿಸಿ, ಸಾಕು.

ಶಬ್ದಗ್ರಾಹಿ
ಈ ಎರಡೂ ಸಿನಿಮಾ ಮೋನೊ ಶಬ್ದದವು, ಅಂದರೆ ಎಡ-ಬಲ ಭೇದವಿಲ್ಲದ ಒಂದೇ ಚಾನೆಲ್ಲಿನವು. ಗುಡುಗಿನಂಥ ಕೆಳದನಿ ಕೊಡುವ ಸಬ್‌ವೂಫರ್ ಹುಡುಕುವುದೂ ಬೇಡ, ಆ ಕಾಲದ ಧ್ವನಿಪಥದಲ್ಲಿ ಅಷ್ಟು ಕೆಳಗಿನ ಶಬ್ದ ಇಲ್ಲವೇ ಇಲ್ಲ. "ಸರೌಂಡ್", "ತ್ರೀಡಿ ಸೌಂಡ್" ಬಟನ್ ಒತ್ತಿದರೆ ಮಾತು ಬಾವಿಯೊಳಗಿಂದ ಬಂದಂತೆ ಆಗುತ್ತದೆ. ಸ್ಪೀಕರ್ ಒಂದೇ ಇದ್ದರೆ ಪರದೆಯ ಕೆಳಗೆ ನಡುವಿಗೆ, ನೆಲದ ಮೇಲಲ್ಲ, ಸ್ಟೂಲಿನ ಮೇಲೆ, ಕೂತವರ ಕಿವಿಯ ಎತ್ತರಕ್ಕೆ.

ಹಾಲ್‌ನ ನಡುವೆ ನಿಂತು ಒಂದೇ ಸಲ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. "ಟ್ರ್ರ್ರ್" ಅಂತ ಬಾಲ ಬಂದರೆ ಪ್ರತಿಧ್ವನಿ ಇದೆ. ಟೈಲ್ಸ್ ಮೇಲೆ ಜಮಖಾನ ಹಾಸಿ, ಗಾಜಿಗೆ ದಪ್ಪ ಕರ್ಟನ್ ಇಲ್ಲವೇ ರಜಾಯಿ ಇಳಿಬಿಡಿ, ಪರದೆಯ ಎದುರಿನ ಹಿಂಗೋಡೆಗೂ ಒಂದೆರಡು. 25 ಜನರ ಮೈಯೂ ಶಬ್ದ ಹೀರುತ್ತದೆ, ಖಾಲಿ ಹಾಲ್‌ನಲ್ಲಿ ಕೇಳಿದ್ದಕ್ಕಿಂತ ಸ್ವಲ್ಪ ಉತ್ತಮವೇ ಆಗುತ್ತದೆ.

ಕೊನೆ ಸಾಲು
ಪರದೆಯ ಲೆಕ್ಕ. 100 ಇಂಚಿನ ಪರದೆ ಅಂದರೆ ಸುಮಾರು 2.2 ಮೀಟರ್ ಅಗಲ, 1.25 ಮೀಟರ್ ಎತ್ತರ. ಪ್ರೊಜೆಕ್ಟರಿನ ಥ್ರೋ ರೇಶಿಯೊ (ಪರದೆಯ ಅಗಲದ ಎಷ್ಟು ಪಟ್ಟು ದೂರಕ್ಕೆ ಇಡಬೇಕು ಅನ್ನುವ ಸಂಖ್ಯೆ) 1.5 ಇದ್ದರೆ 2.2 ಗುಣಿಸು 1.5, ಅಂದರೆ 3.3 ಮೀಟರ್ ದೂರಕ್ಕೆ ಇಡಬೇಕು. ಮಂಚದ ಬಿಳಿ ಬೆಡ್‌ಶೀಟ್ ಕಟ್ಟಿದರೆ ಬೆಳಕು ಹಿಂದಕ್ಕೆ ಸೋರುತ್ತದೆ, ಕಪ್ಪು ಬಣ್ಣ ಬೂದು ಬಣ್ಣವಾಗಿ ಕಾಣುತ್ತದೆ. ಬೆಳಕು ತೂರಿಹೋಗದ ಬ್ಲ್ಯಾಕ್‌ಔಟ್ ಬಟ್ಟೆಯ ಬಿಳಿ ಬದಿ ಮುಂದೆ ಮಾಡಿ ಬಿಗಿಯಾಗಿ ಕಟ್ಟಿ. ಚಲನೆಯನ್ನು ಕೃತಕವಾಗಿ ನಯ ಮಾಡುವ "ಮೋಷನ್ ಸ್ಮೂದಿಂಗ್" ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ 1959ರ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಚಿತ್ರವನ್ನು ಎಳೆದು ಪರದೆ ತುಂಬಿಸಬೇಡಿ, ಎರಡು ಪಕ್ಕ ಕಪ್ಪು ಉಳಿದರೆ ಉಳಿಯಲಿ.

ಕುರ್ಚಿಗಳ ವಿಷಯ ಇದಕ್ಕಿಂತ ಮುಖ್ಯ. 60 ಕುರ್ಚಿ ಹರಡಿ 25 ಜನ ಅಲ್ಲೊಬ್ಬರು ಇಲ್ಲೊಬ್ಬರು ಕೂತರೆ ನಗು ಏಳುವುದೇ ಇಲ್ಲ. ಒಬ್ಬರೇ ಇರುವಾಗಿನದಕ್ಕಿಂತ ಜೊತೆಯಲ್ಲಿ ಇರುವಾಗ ಮನುಷ್ಯ ನಗುವುದು ಸುಮಾರು 30 ಪಟ್ಟು ಹೆಚ್ಚು ಅಂತ ನಗುವಿನ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದರು. ಪಕ್ಕದವರ ಹೆಗಲು ಅಲುಗುವುದು ತಿಳಿಯಬೇಕು. 26 ಕುರ್ಚಿ ಮಾತ್ರ ಹಾಕಿ, ಉಳಿದದ್ದು ಹೊರಗಿಡಿ. ಮೊದಲ ಸಾಲು ಪರದೆಯಿಂದ ಎರಡೂವರೆ ಮೀಟರ್, ಸಾಲಿಗೆ ಆರೇಳು, ಒತ್ತೊತ್ತಾಗಿ. ಪ್ರೊಜೆಕ್ಟರನ್ನು ತಲೆಗಿಂತ ಮೇಲೆ, ಎರಡನೇ ಸಾಲಿನ ಮೇಲ್ಭಾಗಕ್ಕೆ ಬರುವಂತೆ ಮೇಜಿನ ಮೇಲೆ ಸ್ಟೂಲ್ ಇಟ್ಟು ಗಟ್ಟಿಯಾಗಿ ಕಟ್ಟಿ.

ತುಂಗಾ ತೀರ
ಮೈಗೆ ಆಗುವ ತೊಂದರೆಗಳ ಬಗ್ಗೆ ನಾಲ್ಕು ಮಾತು. ರಕ್ತ ಕಂಡರೆ ಕೆಲವರಿಗೆ ತಲೆ ಸುತ್ತಿ ಬವಳಿ ಬರುತ್ತದೆ. ಅದು ಹೇಡಿತನವಲ್ಲ. ಸಾಮಾನ್ಯ ಭಯದಲ್ಲಿ ರಕ್ತದೊತ್ತಡ ಏರಿಯೇ ಇರುತ್ತದೆ, ಇವರಲ್ಲಿ ಏರಿದ್ದು ದಿಢೀರನೆ ಇಳಿಯುತ್ತದೆ. ಅದಕ್ಕೇ ಅವರಿಗೆ "ಮೈ ಸಡಿಲ ಬಿಡಿ" ಅನ್ನುವುದು ತಪ್ಪು ಸಲಹೆ. ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನು 10-15 ಸೆಕೆಂಡು ಬಿಗಿ ಹಿಡಿಯಬೇಕು, ಮುಖ ಬೆಚ್ಚಗಾಗುವವರೆಗೆ. ಆಮೇಲೆ 20-30 ಸೆಕೆಂಡು ಬಿಡಬೇಕು. ಹೀಗೆ ಐದು ಸಲ. ಬಿದ್ದೇಬಿಟ್ಟರೆ ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಸುತ್ತ ಗುಂಪು ಕಟ್ಟಬೇಡಿ, ಬಾಯಿಗೆ ನೀರು ಹಾಕಬೇಡಿ. ಒಂದೆರಡು ನಿಮಿಷದಲ್ಲಿ ಎಚ್ಚರ ಆಗದಿದ್ದರೆ, ಎದೆನೋವು ಅಂದರೆ ಆಂಬುಲೆನ್ಸಿಗೆ 108.

ಅಲುಗಾಡುವ ಕ್ಯಾಮೆರಾದ ಸಿನಿಮಾಗಳಿಗೆ ಬೇರೆ ತೊಂದರೆ, ವಾಕರಿಕೆ. ಕಣ್ಣು "ಚಲಿಸುತ್ತಿದ್ದೇವೆ" ಅನ್ನುತ್ತದೆ, ಒಳಕಿವಿ "ಕೂತಿದ್ದೇವೆ" ಅನ್ನುತ್ತದೆ. ಅಂಥವರು ಹಿಂದಿನ ಸಾಲಿನಲ್ಲಿ ಕೂತು ಪರದೆಯ ಅಂಚನ್ನೂ ಗೋಡೆಯನ್ನೂ ಆಗಾಗ ನೋಡುತ್ತಿರಬೇಕು. ಬೆಳಕು ಪಟಪಟನೆ ಹೊತ್ತಿ ಆರುವ ದೃಶ್ಯ ಇರುವ ಸಿನಿಮಾ ಆದರೆ ಅಪಸ್ಮಾರ ಇರುವವರಿಗೆ ಮೊದಲೇ ತಿಳಿಸಿ. ಮಕ್ಕಳ ವಿಷಯದಲ್ಲಿ ಸೆನ್ಸಾರ್ ಮಂಡಳಿ ಈಗ ಯುಎ 7+, ಯುಎ 13+, ಯುಎ 16+ ಅಂತ ವಿಂಗಡಿಸುತ್ತದೆ. ನಿಮ್ಮ ಹಳೆಯ ಸಿನಿಮಾಕ್ಕೆ ಆ ಗುರುತು ಕಾಣದೇ ಇರಬಹುದು, ಆದ್ದರಿಂದ ನೋಟಿಸಿನಲ್ಲಿ ನೀವೇ ಬರೆಯಿರಿ: ಕೊಲೆ ಇದೆ, ನೇಣು ಇದೆ, ಅಸ್ಥಿಪಂಜರ ಇದೆ.

ಗಾಂಧಿನಗರ ಎಕ್ಸ್‌ಪ್ರೆಸ್
ಅಸ್ಥಿಪಂಜರ ಅಂದಾಗ ನೆನಪಾಯಿತು. 'ಹಾಂಟೆಡ್ ಹಿಲ್' ಮೊದಲು ಬಂದಾಗ ನಿರ್ದೇಶಕ ವಿಲಿಯಂ ಕ್ಯಾಸಲ್ ಕೆಲವು ಥಿಯೇಟರುಗಳಲ್ಲಿ ಪ್ರೇಕ್ಷಕರ ತಲೆಯ ಮೇಲೆ ತಂತಿಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ ಹಾರಿಸುತ್ತಿದ್ದರು. "ಎಮರ್ಗೊ" ಅಂತ ಅದರ ಹೆಸರು. ಅದೇ ವರ್ಷದ 'ದಿ ಟಿಂಗ್ಲರ್'ಗೆ ಕೆಲವು ಕುರ್ಚಿಗಳ ಕೆಳಗೆ ನಡುಗುವ ಮೋಟಾರು ಕೂರಿಸಿದ್ದರು. ನಿಮ್ಮ ಹಾಲ್‌ನಲ್ಲಿ ನೈಲಾನ್ ದಾರ, ಥರ್ಮಕೋಲ್ ಅಸ್ಥಿಪಂಜರ, ಎರಡು ರಾಟೆ ಇದ್ದರೆ ಆಗುತ್ತದೆ.

ರೀಲು ಡಬ್ಬಿ
ಮಾಡುವುದಾದರೆ ದಾರ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬರದಂತೆ ಗೋಡೆ ಪಕ್ಕದಲ್ಲಿ ಕಟ್ಟಿ, ಫ್ಯಾನಿನಿಂದ ದೂರ. ಅದು ಹೊರಬರಬೇಕಾದದ್ದು ಕೊನೆಯ ಭಾಗದ ಆಮ್ಲದ ತೊಟ್ಟಿಯ ದೃಶ್ಯದಲ್ಲಿ, ಪರದೆಯಲ್ಲಿ ಅಸ್ಥಿಪಂಜರ ಎದ್ದ ಮೇಲೆ. ಮುಂಚೆ ಬಂದರೆ ಕಥೆಯೇ ಬಯಲು.

ಜನ ಪರದೆಗೆ ಉತ್ತರ ಕೊಡುವುದು, ಕೂಗುವುದು ಇದ್ದೇ ಇರುತ್ತದೆ. 1975ರ 'ದಿ ರಾಕಿ ಹಾರರ್ ಪಿಕ್ಚರ್ ಶೋ' ಮೊದಲು ಸೋತು, 1976ರಿಂದ ನ್ಯೂಯಾರ್ಕಿನ ವೇವರ್ಲಿ ಥಿಯೇಟರಿನ ಮಧ್ಯರಾತ್ರಿ ಆಟಗಳಲ್ಲಿ ಬದುಕಿದ್ದೇ ಹಾಗೆ. ಮದುವೆ ದೃಶ್ಯಕ್ಕೆ ಅಕ್ಕಿ ಎಸೆಯುವುದು, ಮಳೆಗೆ ತಲೆ ಮೇಲೆ ಪೇಪರ್ ಹಿಡಿಯುವುದು. ಆದರೆ ಅಲ್ಲಿ ಎಲ್ಲರೂ ಹತ್ತಾರು ಸಲ ನೋಡಿದವರು. ನಿಮ್ಮಲ್ಲಿ ಬಹುತೇಕರಿಗೆ ಮೊದಲ ಸಲ. 'ಹಾಂಟೆಡ್ ಹಿಲ್' ಪೂರ್ತಿ ಮೌನ, 'ಲಿಟ್ಲ್ ಶಾಪ್'ಗೆ ಕೂಗಬಹುದು ಅಂತ ಶುರುವಿನಲ್ಲೇ ಹೇಳಿಬಿಡಿ. ಗಿಡ ಊಟ ಕೇಳುವಾಗೆಲ್ಲ ಜನ ತಾವಾಗಿಯೇ ದನಿ ಸೇರಿಸುತ್ತಾರೆ, ಕಲಿಸಬೇಕಾಗಿಲ್ಲ.

ಬಾಲ್ಕನಿ ಟಿಕೆಟ್
ಸರಿ, ಹೀಗೆ ಮಾಡುತ್ತೇನೆ. 6.30ಕ್ಕೆ ಕಾಫಿ, ಬೋಂಡಾ. 7.15ಕ್ಕೆ 'ಹಾಂಟೆಡ್ ಹಿಲ್', 8.30ಕ್ಕೆ ಹತ್ತು ನಿಮಿಷ ಬಿಡುವು, 8.40ಕ್ಕೆ 'ಲಿಟ್ಲ್ ಶಾಪ್', 9.55ಕ್ಕೆ ಮುಗಿತಾಯ. ಕೇಬಲ್, ಜಮಖಾನ, ರಜಾಯಿ, 26 ಕುರ್ಚಿ. ಶುಕ್ರವಾರ ಶಬ್ದ ಪರೀಕ್ಷೆ. ಇನ್ನೇನಾದರೂ ಬಿಟ್ಟಿದೆಯೇ?

ಶಬ್ದಗ್ರಾಹಿ
ಫ್ಯಾನು. ಹಾಲ್‌ನಲ್ಲಿ ನಾಲ್ಕು ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗಿದರೆ ಅದೇ 50 ಡೆಸಿಬೆಲ್ ದಾಟಬಹುದು. ರೀಲು ಡಬ್ಬಿಯವರು ಹೇಳಿದ ನಿಶ್ಶಬ್ದ ಅದರಲ್ಲಿ ಮುಳುಗುತ್ತದೆ. 6.30ರಿಂದ 7.15ರವರೆಗೆ ಕಿಟಕಿ ತೆರೆದು ಫ್ಯಾನು ಜೋರಾಗಿ ಹಾಕಿ ಹಾಲ್ ತಣಿಸಿ. ಸಿನಿಮಾ ಶುರುವಾದ ಮೇಲೆ ಹಿಂದಿನ ಎರಡು ಮಾತ್ರ, ಒಂದರಲ್ಲಿ. ನೆಲಮಾಳಿಗೆಯ ದೃಶ್ಯ ಬರುವ ಮುಂಚೆ ಅವನ್ನೂ ಆರಿಸಲು ಸ್ವಿಚ್‌ಬೋರ್ಡಿನ ಪಕ್ಕ ಒಬ್ಬರನ್ನು ಕೂರಿಸಿ. ಗಡಿಯಾರ ನೋಡಿ ನಿಮಿಷ ಬರೆದುಕೊಡಿ, ಆ ದೃಶ್ಯಕ್ಕೆ ಎರಡು ನಿಮಿಷ ಮೊದಲೇ ಆರಿಸಬೇಕು. ದೃಶ್ಯ ಶುರುವಾದ ಮೇಲೆ ಆರಿಸಿದರೆ "ಟಕ್" ಅನ್ನುವ ಸ್ವಿಚ್ಚಿಗೇ ಎಲ್ಲರೂ ತಿರುಗಿ ನೋಡುತ್ತಾರೆ.

ಬಾಲ್ಕನಿ ಟಿಕೆಟ್
ಸ್ವಿಚ್‌ಬೋರ್ಡ್ ಹಿಂದಿನ ಬಾಗಿಲ ಪಕ್ಕವೇ ಇದೆ. ಕೊನೆ ಸಾಲಿನ ಬಲತುದಿಯ ಕುರ್ಚಿ ಅದಕ್ಕೆ ಮೀಸಲಿಡುತ್ತೇನೆ. ನಿಮಿಷ ಶುಕ್ರವಾರವೇ ಗುರುತು ಹಾಕುತ್ತೇನೆ.